ಸಂಕೋಚದ ತುಂಡು

ಕುರಿಹಾರ ಮನೆತನ ಜಪಾನಿನಿಂದ ಅಮೆರಿಕದ ಫ್ರೆಸ್ನೊ ಪಟ್ಟಣಕ್ಕೆ ಬಂದು ನೂರು ವರ್ಷ ದಾಟಿತು. ಅಷ್ಟರಲ್ಲಿ ಅದರ ಮುಂದೆ ಬಂದು ನಿಂತ ಪ್ರಶ್ನೆಗಳು ಸಣ್ಣವಲ್ಲ. ತಮ್ಮ ಹೆಸರಿನಲ್ಲಿ ಭೂಮಿ ಕೊಳ್ಳಲು ಬಿಡದ ಕಾಯಿದೆ, ಒಂದು ಮಹಾಯುದ್ಧ, ಆಗ ಜಪಾನಿಗಳನ್ನು ಕೂಡಿಹಾಕಿದ ಕ್ಯಾಂಪಿನ ಮುಳ್ಳುತಂತಿಯೊಳಗೆ ಕಳೆದ ಮೂರು ವರ್ಷ, ಪೀಚ್ ಹಣ್ಣಿನ ಬೆಲೆ ನೆಲ ಕಚ್ಚಿದ ಎಷ್ಟೋ ಬೇಸಿಗೆಗಳು. ಇವನ್ನೆಲ್ಲ ಮನೆಯವರು ಹೆಚ್ಚು ಮಾತಿಲ್ಲದೆ ನಿಭಾಯಿಸಿದರು. ಆದರೆ ಹೋದ ಜನವರಿಯಲ್ಲಿ ಎದ್ದ ಪ್ರಶ್ನೆಯ ತೂಕವೇ ಬೇರೆ. ಅದು ಮಾರ್ಚ್ ತನಕ ಯಾರನ್ನೂ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಮೂವತ್ತು ವರ್ಷದ ಸಂಸಾರದ ತಳವನ್ನೇ ಒಮ್ಮೆ ಅಲ್ಲಾಡಿಸಿ ನೋಡಿತು. ಪ್ರಶ್ನೆ ಇದು: ಫ್ರೆಸ್ನೊದಲ್ಲಿ ಒಂದು ಒಳ್ಳೆಯ ಜಪಾನಿ ಹೋಟೆಲು ಇದೆಯೋ ಇಲ್ಲವೋ?

ಪ್ರಶ್ನೆ ಹುಟ್ಟಿದ್ದು ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಮನೆಯ ಹಿರಿಯಳು ಶಿಜುಯೆ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್. ಡಿಸೆಂಬರಿನಲ್ಲಿ ಬೌದ್ಧ ಮಂದಿರದಲ್ಲಿ ಹೊಸ ವರ್ಷದ ಮೋಚಿ ಉಂಡೆಗೆ ಬೆಂದ ಅಕ್ಕಿ ಕುಟ್ಟುವಾಗ, "ನೀವು ಕೂತ್ಕೊಳಿ ಅಜ್ಜಿ" ಎಂದ ಹುಡುಗರನ್ನು ಗದರಿ ಒನಕೆಗೆ ಕೈಹಾಕಿ, ಹಿಟ್ಟು ಬಿದ್ದ ನೆಲದಲ್ಲಿ ಜಾರಿದ್ದಳು. ಮಾರ್ಚಿಗೆ ಅವಳಿಗೆ ಎಂಬತ್ತೆಂಟು ತುಂಬುತ್ತದೆ. ಎಂಬತ್ತೆಂಟನೆಯದಕ್ಕೆ ಜಪಾನಿಗಳು ಅಕ್ಕಿಯ ಹುಟ್ಟುಹಬ್ಬ ಎನ್ನುತ್ತಾರೆ; ಅವರ ಬರಹದಲ್ಲಿ ಎಂಬತ್ತೆಂಟನ್ನು ಕೂಡಿಸಿದರೆ ಅಕ್ಕಿ ಎಂಬ ಅಕ್ಷರ. ಅದನ್ನು ಮಾಡದೆ ಬಿಡುವುದು ಸಾಧ್ಯವಿಲ್ಲ. ಇದುವರೆಗಿನ ಎಲ್ಲ ಹಬ್ಬಗಳಿಗೂ ಅಡುಗೆ ಮಾಡಿದವಳು ಅವಳೇ, ತನ್ನ ಹುಟ್ಟುಹಬ್ಬಕ್ಕೂ ಸಹ.

ಮೇಜಿನ ಮೇಲೆ ಫೋನು ಮಾತಾಡುತ್ತಿತ್ತು. ಆ ಕಡೆ ಸ್ಯಾನ್ ಹೋಸೆಯಿಂದ ತಂಗಿ ಮಿತ್ಸುಯೊ.

"ಅಕ್ಕಾ, ಈ ಸಲ ನೀನು ಅಡುಗೆಮನೆಗೆ ಹೋದ್ರೆ ನಾನು ಬರೋದೇ ಇಲ್ಲ, ನೋಡು. ಇಲ್ಲಿಗೇ ಬಂದ್ಬಿಡು. ನಮ್ಮ ಬೀದೀಲಿ ಒಂದರ ಪಕ್ಕ ಒಂದು ಜಪಾನಿ ಹೋಟ್ಲು. ಕಣ್ಣು ಮುಚ್ಕೊಂಡು ಯಾವ ಬಾಗ್ಲು ತಳ್ಳಿದ್ರೂ ಒಳ್ಳೇ ಊಟ."

"ಫ್ರೆಸ್ನೊದಲ್ಲೂ ಇದೆ," ಎಂದಳು ಶಿಜುಯೆ.

"ಏನಿದೆ ಫ್ರೆಸ್ನೊದಲ್ಲಿ? ಒಣದ್ರಾಕ್ಷಿ!" ಫೋನು ಗಹಗಹಿಸಿ ನಕ್ಕಿತು. "ದ್ರಾಕ್ಷಿ ಒಣಗಿಸೋ ಊರಲ್ಲಿ ಮೀನು ಹುಡುಕ್ತೀಯಾ?"

ಶಿಜುಯೆ ಚಮಚ ಕೆಳಗಿಟ್ಟಳು. "ಮಾರ್ಚ್ ಎರಡನೇ ಭಾನುವಾರ ನೀನೇ ಬಾ. ನಿನ್ನ ಮಗನ್ನೂ ಕರ್ಕೊಂಡು ಬಾ. ಅಡುಗೆ ಮಾಡಲ್ಲ. ಹೋಟ್ಲಲ್ಲೇ ಊಟ ಹಾಕಿಸ್ತೀನಿ. ಇದೇ ಊರಲ್ಲಿ."

ಎಡಗೈಯಿಂದಲೇ ಫೋನು ಕಟ್ ಮಾಡಿ, ಸುತ್ತ ಕುಳಿತವರನ್ನು ನೋಡಿದಳು. "ಇಲ್ಲಿ ಒಳ್ಳೇ ಜಪಾನಿ ಹೋಟ್ಲು ಯಾವುದಿದೆ?"

ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲೇ ಸಿಗುವುದನ್ನು ದುಡ್ಡು ಕೊಟ್ಟು ಹೊರಗೆ ತಿನ್ನುವುದು ದಡ್ಡತನ ಎಂದು ನಂಬಿದ ಮನೆ ಅದು. ಹೊರಗೆ ಹೋದರೆ ಮೆಕ್ಸಿಕೊದವರ ಟಾಕೊ, ಇಲ್ಲವೇ ಸೊಸೆಯ ಕಡೆಯವರ ಕಬಾಬು. ಸೊಸೆ ಸೀರನ್ ಆರ್ಮೇನಿಯನ್ನರ ಮನೆಯ ಹುಡುಗಿ. ನಮ್ಮೂರಿನಲ್ಲಿ ಕಲ್ಲೆಸೆದರೆ ಒಬ್ಬ ಆರ್ಮೇನಿಯನ್ನನಿಗೆ ಬೀಳುತ್ತದೆ. ಆತ ಆ ಕಲ್ಲನ್ನು ದ್ರಾಕ್ಷಿ ಎಲೆಯಲ್ಲಿ ಸುತ್ತಿ ಬೇಯಿಸಿ ವಾಪಸು ಕೊಡುತ್ತಾನೆ.

"ಐವತ್ತು ಹೋಟ್ಲಿದೆ ಅಮ್ಮ," ಎಂದ ಮಗ ಗ್ಲೆನ್. "ಒಳ್ಳೇದು ಅಂದ್ಯಲ್ಲ, ಅದೇ ಕಷ್ಟ."

"ನಾಲ್ಕೂವರೆ ನಕ್ಷತ್ರ ಇರೋದು ಇಲ್ಲೇ ಆರಿದೆ ಬಾಚಾನ್," ಎಂದು ಅಜ್ಜಿಗೆ ಹೇಳಿದಳು ಮೊಮ್ಮಗಳು ತಾಲೀನ್, ತನ್ನ ಫೋನು ಉಜ್ಜುತ್ತ. ಔಷಧದಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತೇಳರ ಹುಡುಗಿ. ಹೆಸರು ಅಮ್ಮನ ಕಡೆಯದು, ಹಟ ಅಪ್ಪನ ಕಡೆಯದು.

"ನಕ್ಷತ್ರ ಯಾರು ಕೊಟ್ಟಿದ್ದು?"

"ಜನ."

"ಯಾವ ಜನ? ಅವರ ಮನೇಲಿ ಅನ್ನ ಹೇಗೆ ಮಾಡ್ತಾರೆ?"

ಇದಕ್ಕೆ ಫೋನಿನಲ್ಲಿ ಉತ್ತರವಿರಲಿಲ್ಲ. ಒಂದೊಂದು ಶನಿವಾರಕ್ಕೆ ಒಂದೊಂದು ಹೋಟೆಲು ನೋಡಿ ಬರುವುದೆಂದು ತೀರ್ಮಾನವಾಯಿತು.

ಗ್ಲೆನ್ ನಲವತ್ತು ವರ್ಷ ಪೀಚ್ ಹಣ್ಣಿನ ಶೆಡ್ಡಿನಲ್ಲಿ ಪರೀಕ್ಷಕನಾಗಿದ್ದು ನಿವೃತ್ತನಾದವನು. ಹೆಬ್ಬೆರಳಿನಿಂದ ಒಂದು ಸಲ ಒತ್ತಿದರೆ ಹಣ್ಣು ಷಿಕಾಗೊ ತಲುಪುತ್ತದೋ ದಾರಿಯಲ್ಲೇ ಕೊಳೆಯುತ್ತದೋ ಹೇಳಬಲ್ಲ. ಹೋಟೆಲನ್ನು ಹೆಬ್ಬೆರಳಿನಿಂದ ಒತ್ತುವ ಹಾಗಿಲ್ಲವಾದ್ದರಿಂದ ಬೇರೊಂದು ವಿಧಾನ ಕಂಡುಕೊಂಡ. ಅದನ್ನು ಕಾರು ತೊಳೆಯುತ್ತ ಮಗಳಿಗೆ ವಿವರಿಸಿದ.

"ನಿನ್ನ ಅಜ್ಜೀನ ಕೇಳಿ ಪ್ರಯೋಜನ ಇಲ್ಲ. ಸಗಣಿ ಬಡಿಸಿದ್ರೂ 'ತುಂಬಾ ಚೆನ್ನಾಗಿದೆ' ಅಂತಾಳೆ. ತಟ್ಟೆ ನೋಡ್ಬೇಕು. ನಿಜವಾಗ್ಲೂ ಹಿಡಿಸಿದ್ರೆ ತಟ್ಟೆ ಖಾಲಿ. ಏನಾದ್ರೂ ಉಳಿದಿದ್ರೆ ಫೇಲು."

"ಎಷ್ಟು ಉಳಿದ್ರೆ?"

"ಒಂದು ತುಂಡು ಉಳಿದ್ರೂ ಸಾಕು."

ಮೊದಲ ಶನಿವಾರ ಊರಿನ ಉತ್ತರ ಭಾಗದ ದೊಡ್ಡ ಅಂಗಡಿ ಸಾಲಿನಲ್ಲಿದ್ದ ಹೋಟೆಲಿಗೆ ಹೋದರು. ಅಲ್ಲಿ ಮೇಜೇ ಕಾದ ಕಾವಲಿ. ಅಡುಗೆಯವನು ಈರುಳ್ಳಿಯನ್ನು ಗೋಪುರ ಕಟ್ಟಿ ಬೆಂಕಿ ಹಚ್ಚಿದ. ಚಾಕುಗಳನ್ನು ಗಾಳಿಯಲ್ಲಿ ತಿರುಗಿಸಿದ. ಸೀಗಡಿಗಳನ್ನು ಗಿರಾಕಿಗಳ ಬಾಯಿಗೆ ಎಸೆಯತೊಡಗಿದ. ಗ್ಲೆನ್ ಬಾಯಿ ತೆರೆಯಲಿಲ್ಲ. ಸೀಗಡಿ ಕನ್ನಡಕಕ್ಕೆ ಬಡಿಯಿತು. ಶಿಜುಯೆಯ ಪಾಲಿನದು ಅವಳ ಪ್ಲಾಸ್ಟರ್ ಮೇಲೆ ಬಿತ್ತು. ಅವಳು ಅದನ್ನು ಮೆಲ್ಲನೆ ತೆಗೆದು ತಟ್ಟೆಗಿಟ್ಟು, ಅಡುಗೆಯವನಿಗೆ ತಲೆಬಾಗಿ ವಂದಿಸಿದಳು.

"ಹೇಗಿದೆ ಅಮ್ಮ?"

"ತುಂಬಾ ಚೆನ್ನಾಗಿದೆ. ಪಾಪ, ಎಷ್ಟು ಕಷ್ಟಪಡ್ತಾನೆ."

ಎಲ್ಲ ಮುಗಿದ ಮೇಲೆ ನಡುವಿನ ತಟ್ಟೆಯಲ್ಲಿ ಒಂದು ಸೀಗಡಿ ಉಳಿದಿತ್ತು. ಗ್ಲೆನ್ ಅದನ್ನು ನೋಡಿ ತಲೆಯಾಡಿಸಿದ. ಸೀರನ್ ಅದನ್ನು ಡಬ್ಬಿಗೆ ಹಾಕಿಸಿಕೊಂಡಳು.

ಮುಂದಿನ ವಾರದ್ದರಲ್ಲಿ ತಿನಿಸುಗಳು ಸಣ್ಣ ದೋಣಿಗಳ ಮೇಲೆ ಕುಳಿತು ನೀರಿನ ಕಾಲುವೆಯಲ್ಲಿ ಸುತ್ತು ಹೊಡೆಯುತ್ತಿದ್ದವು. ಅನ್ನ ಮೀನು ಸುತ್ತಿದ ಸುಶಿಗಳಿಗೆಲ್ಲ ಹೆಸರುಗಳಿದ್ದವು: ಬೆಂಕಿ ಡ್ರ್ಯಾಗನ್, ಹುಚ್ಚು ಸುನಾಮಿ, ವಿಚ್ಛೇದನ. ಒಳಗೆ ಬೆಣ್ಣೆಯಂಥ ಚೀಸು, ಮೇಲೆ ಹಸಿಮೆಣಸಿನಕಾಯಿ, ಅದರ ಮೇಲೆ ಎರಡು ಬಣ್ಣದ ಸಾಸು.

"ಹೇಗಿದೆ ಬಾಚಾನ್?"

"ತುಂಬಾ ಚೆನ್ನಾಗಿದೆ."

"ಯಾವುದು?"

ಶಿಜುಯೆ ಸ್ವಲ್ಪ ಯೋಚಿಸಿದಳು. "ನೀರು."

ವಿಚ್ಛೇದನದ ಒಂದು ತುಂಡು ಉಳಿಯಿತು. ಅದೂ ಸೀರನ್‌ಳ ಡಬ್ಬಿಗೆ ಸೇರಿತು. ಗ್ಲೆನ್ ಮತ್ತೆ ತಲೆಯಾಡಿಸಿದ.

ಮೂರನೆಯ ವಾರ ಗ್ಲೆನ್‌ಗೆ ಜ್ಞಾನೋದಯವಾಯಿತು. ಚಿಕ್ಕಂದಿನಲ್ಲಿ ಅಪ್ಪ ಕರೆದುಕೊಂಡು ಹೋಗುತ್ತಿದ್ದ, ಉದೊನ್ ಎಂಬ ದಪ್ಪ ಶಾವಿಗೆಯ ಹೋಟೆಲು! ರೈಲು ಹಳಿಯ ಆಚೆ, ಹಳೆಯ ಚೈನಾಟೌನಿನಲ್ಲಿ. ಜನವರಿಯ ಮಂಜು ರಸ್ತೆಯನ್ನೆಲ್ಲ ನುಂಗಿತ್ತು. ತಾಲೀನ್ ದೀಪ ಹಾಕಿಕೊಂಡು ನಿಧಾನವಾಗಿ ಕಾರು ಓಡಿಸಿದಳು. ಹೋಗಿ ನೋಡಿದರೆ ಬಾಗಿಲಿಗೆ ಹಲಗೆ ಬಡಿದಿತ್ತು. ಬಡಿದು ವರ್ಷಗಳಾದಂತಿತ್ತು.

"ಅಪ್ಪಾ, ಫೋನು ಮಾಡಿ ಕೇಳೋಕೆ ಆಗ್ತಿರ್ಲಿಲ್ವ?"

"ಇದು ಮುಚ್ಚುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಶಿಜುಯೆ ಕಾರಿನಿಂದ ಇಳಿದು ಕಾಲುದಾರಿಯಲ್ಲಿ ನಿಂತಳು. "ಇದು ಸ್ನಾನದ ಮನೆ. ಇದು ತೋಫು ಅಂಗಡಿ. ಅಲ್ಲಿ ಕ್ಷೌರದವನು, ಅವನ ಹೆಂಡತೀನೇ ಹಲ್ಲೂ ಕೀಳ್ತಿದ್ಲು." ಮಂಜಿನಲ್ಲಿ ಯಾವ ಅಂಗಡಿಯೂ ಕಾಣುತ್ತಿರಲಿಲ್ಲವಾದ್ದರಿಂದ ಅವಳು ಹೇಳಿದ್ದೆಲ್ಲ ಇದ್ದರೂ ಇರಬಹುದು ಅನ್ನಿಸುತ್ತಿತ್ತು. "ಕ್ಯಾಂಪಿಂದ ವಾಪಸು ಬಂದ ದಿನ ಅಪ್ಪ ನಮ್ಮನ್ನ ಸೀದಾ ಇಲ್ಲಿಗೇ ಕರ್ಕೊಂಡು ಬಂದ. ಮನೆ ಇಲ್ಲ, ತೋಟ ಇಲ್ಲ. ಮೊದಲು ಊಟ ಮಾಡೋಣ ಅಂದ. ನಂಗೆ ಹತ್ತು ವರ್ಷ, ಮಿತ್ಸುಗೆ ಐದು. ಎರಡು ಬಟ್ಟಲು ಉದೊನ್ ಬಾರಿಸಿದ್ಲು. ಆಮೇಲೆ ತಟ್ಟೇಲಿದ್ದ ಕೊನೇ ಮೀನಿನ ತುಂಡಿಗೆ ಕೈ ಹಾಕಿದ್ಲು. ಅಮ್ಮ ಫಟ್ ಅಂತ ಕೈ ಮೇಲೆ ಕೊಟ್ಟಳು, ಎಲ್ಲರ ಎದುರಿಗೇ. ಅಳಲಿಲ್ಲ, ಬಿಡು. ಆದ್ರೆ ಆವತ್ತಿಂದ ಮಿತ್ಸು ಕೊನೇ ತುಂಡು ಮುಟ್ಟಿದ್ದು ನಾನು ಕಂಡಿಲ್ಲ."

"ಐದು ವರ್ಷದ ಮಗೂಗೆ ಹೊಡೆಯೋದಾ!" ಎಂದಳು ಸೀರನ್.

"ಕೊನೇ ತುಂಡು ಅದು," ಎಂದಳು ಶಿಜುಯೆ, ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲವೆಂಬಂತೆ. ಕಾರು ಹತ್ತುತ್ತ, "ಈ ಊರಲ್ಲಿ ಎರಡು ಬಟ್ಟಲು ತಿಂದವಳು ಈಗ ಸ್ಯಾನ್ ಹೋಸೆ ಅಂತ ಮೆರೀತಾಳೆ," ಎಂದಳು.

ನಾಲ್ಕನೆಯದು ದುಬಾರಿ ಹೋಟೆಲು. ಗೋಡೆಗೆ ಬಿದಿರು, ಪೇಟೆಯ ವಕೀಲರು, ಪಿಸುಮಾತು. ಬಿಲ್ಲು ನೋಡಿ ಗ್ಲೆನ್ ಓದುವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಮೀನು ಮಾತ್ರ ನಿಜಕ್ಕೂ ತಾಜಾ. ಎಲ್ಲರೂ ಸದ್ದಿಲ್ಲದೆ ತಿಂದರು. ಇದೇ ಇರಬೇಕು ಎಂದು ಗ್ಲೆನ್ ಮನಸ್ಸಿನಲ್ಲೇ ಅಂದುಕೊಳ್ಳುವಷ್ಟರಲ್ಲಿ ನಡುವಿನ ಕಪ್ಪು ತಟ್ಟೆಯಲ್ಲಿ ಟ್ಯೂನಾದ ಒಂದು ತುಂಡು ಒಂಟಿಯಾಗಿ ಉಳಿಯಿತು. ಯಾರೂ ಮುಟ್ಟಲಿಲ್ಲ. ಸೀರನ್ ಡಬ್ಬಿ ಕೇಳಿದಳು. ಆ ದರ್ಜೆಯ ಜಾಗದಲ್ಲಿ ಒಂದು ತುಂಡಿಗೆ ಡಬ್ಬಿ ಕೇಳಿದ್ದಕ್ಕೆ ಬಡಿಸುವವಳ ಹುಬ್ಬು ಮೇಲೇರಿತು, ಡಬ್ಬಿಯಂತೂ ಬಂತು.

ಮರುದಿನ ಬೆಳಗ್ಗೆ ಸೀರನ್ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ ಆ ತುಂಡನ್ನು ತಿನ್ನುತ್ತಿದ್ದಳು. ಒಲೆಯ ಮೇಲೆ ಅತ್ತೆಯ ಗಂಜಿ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತು, ಸೊಸೆ ತೊಳೆದಿಟ್ಟ ಮಧ್ಯಾಹ್ನದ ಅಕ್ಕಿಯ ಪಾತ್ರೆ ನೋಡುತ್ತಿದ್ದಳು.

"ಅಕ್ಕೀನ ಬಟ್ಟೆ ಒಗೆದ ಹಾಗೆ ಉಜ್ಜಬೇಡ. ನೀರು ಇನ್ನೂ ಬೆಳ್ಳಗಿದೆ."

"ಮೂರು ಸಲ ತೊಳೆದೆ ಅತ್ತೆ."

"ನಾಲ್ಕನೇ ಸಲ ತೊಳೆದ್ರೆ ಅಕ್ಕಿ ಬೇಜಾರು ಮಾಡ್ಕೊಳ್ಳಲ್ಲ."

ಅಷ್ಟರಲ್ಲಿ ಗ್ಲೆನ್ ಕಾಫಿಗೆ ಬಂದ. "ಅದೂ ಫೇಲು," ಎಂದು ನಿಟ್ಟುಸಿರು ಬಿಟ್ಟ. "ಅಷ್ಟು ದುಡ್ಡು ಸುರಿದ್ರೂ ಅಮ್ಮ ಒಂದು ತುಂಡು ಬಿಟ್ಲು. ಅಮ್ಮಾ, ಸುಮ್ನೆ ಸ್ಯಾನ್ ಹೋಸೆಗೇ ಹೋಗಿಬಿಡೋಣ. ಚಿಕ್ಕಮ್ಮ ಹೇಳೋದು ಸರಿ. ಈ ಊರಲ್ಲಿ ಇಲ್ಲ."

"ಇದೆ," ಎಂದಳು ಶಿಜುಯೆ.

"ಇದ್ರೆ ತಟ್ಟೇಲಿ ಯಾಕೆ ಬಿಡ್ತೀಯ?"

ಸೀರನ್ ಖಾಲಿ ಡಬ್ಬಿಯನ್ನು ಸಿಂಕಿಗೆ ಎಸೆದಳು. ಸದ್ದು ಜೋರಾಗಿಯೇ ಆಯಿತು.

"ಏನು ಪರೀಕ್ಷೆ ಗ್ಲೆನ್ ಇದು? ನಿಮ್ಮಮ್ಮ ಯಾವತ್ತು ಕೊನೇ ತುಂಡು ತಿಂದಿದಾರೆ? ನೀನು ಯಾವತ್ತು ತಿಂದಿದೀಯ? ನಿಮ್ಮಪ್ಪ? ಈ ಮನೇಲಿ ತಟ್ಟೆ ಅನ್ನೋದು ಖಾಲಿಯಾದದ್ದು ನಾನು ನೋಡೇ ಇಲ್ಲ! ಕೋಳಿ ಮಾಡಿದ್ರೆ ಒಂದು ತುಂಡು ಕೋಳಿ. ಮೂಲಂಗಿ ಮಾಡಿದ್ರೆ ಒಂದು ಚೂರು ಮೂಲಂಗಿ. 'ನೀನು ತಗೋ', 'ಅಯ್ಯೋ ನಂಗೆ ಹೊಟ್ಟೆ ತುಂಬಿದೆ, ನೀನು ತಗೋ'. ಕೊನೆಗೆ ಎಲ್ಲರೂ ಎದ್ದು ಹೋಗ್ತೀರ. ಆಮೇಲೆ ಅದನ್ನ ಯಾರು ತಿಂತಾರೆ ಅಂದ್ಕೊಂಡಿದೀಯ? ಬೆಕ್ಕು ಕೂಡ ಇಲ್ಲ ಈ ಮನೇಲಿ! ಮೂವತ್ತು ವರ್ಷದಿಂದ ನಿಮ್ಮ ಸಂಕೋಚಾನ ನಾನು ಬೆಳಗ್ಗೆ ತಿಂಡಿಗೆ ತಿಂತಾ ಇದೀನಿ. ತಣ್ಣಗೆ. ನಿಂತ್ಕೊಂಡು."

ಗ್ಲೆನ್ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟ. ನಲವತ್ತು ವರ್ಷ ಹಣ್ಣು ಒತ್ತಿದವನಿಗೆ ತಾನು ತಪ್ಪು ಕಡೆ ಒತ್ತಿದೆನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಶಿಜುಯೆ ಮಾತ್ರ ಮಗನನ್ನು ನೋಡಲಿಲ್ಲ. ಸೊಸೆಯನ್ನು ನೋಡುತ್ತಿದ್ದಳು.

"ನಿಂಗೆ ಇಷ್ಟ ಅಂದ್ಕೊಂಡಿದ್ದೆ," ಎಂದಳು.

"ಏನು?"

"ಮದುವೆಯಾಗಿ ಬಂದ ಮೊದಲನೇ ವಾರ. ಬೆಳಗ್ಗೆ ಎದ್ದು ನೋಡ್ದೆ, ಉಳಿದಿದ್ದ ತುಂಡು ಇಲ್ಲ. ಮಾರನೇ ದಿನಾನೂ ಇಲ್ಲ. ಹುಡುಗಿ ನಮ್ಮ ಅಡುಗೇನ ಇಷ್ಟಪಡ್ತಾಳೆ, ಎಲ್ಲರ ಎದುರಿಗೆ ತಿನ್ನೋಕೆ ನಾಚಿಕೆ ಅಂದ್ಕೊಂಡೆ. ಅದಕ್ಕೇ ಆವತ್ತಿಂದ ಎಲ್ಲದರಲ್ಲೂ ಒಂದು ಜಾಸ್ತಿ ಮಾಡ್ತಿದ್ದೆ. ನಿಂಗೋಸ್ಕರ."

ಸೀರನ್ ಹಣೆ ಒರೆಸಿಕೊಂಡಳು. ನಗಬೇಕೋ ಅಳಬೇಕೋ ತಿಳಿಯದವರು ಮಾಡುವ ಕೆಲಸವನ್ನೇ ಅವಳೂ ಮಾಡಿದಳು: ಅಕ್ಕಿಯನ್ನು ನಾಲ್ಕನೆಯ ಸಲ ತೊಳೆದಳು.

"ನಮ್ಮಪ್ಪನ ಮನೇಲಿ," ಎಂದಳು ಆಮೇಲೆ, ಬೆನ್ನು ತಿರುಗಿಸಿಕೊಂಡೇ, "ಕೊನೇ ತುಂಡು ಅಂತ ಒಂದಿರೋದೇ ಇಲ್ಲ ಅತ್ತೆ. ಒಂದು ಉಳೀತು ಅಂದ್ರೆ ಮಾಡಿದವಳಿಗೆ ಅವಮಾನ. ತಿನ್ನದೇ ಇದ್ರೆ ಅಪ್ಪ ಬಾಯಿಗೇ ತುರುಕ್ತಿದ್ದ. ನೀವು ಬಿಟ್ಟಿದ್ದು ನೋಡಿದ್ರೆ ನಂಗೆ ತಡೆಯೋಕಾಗ್ತಿರ್ಲಿಲ್ಲ. ಅದಕ್ಕೇ ತಿಂದೆ. ನಿಮ್ಮ ಮರ್ಯಾದೆ ಉಳಿಸೋಕೆ."

"ಮೂವತ್ತು ವರ್ಷ?"

"ಮೂವತ್ತು ವರ್ಷ."

"ಚೆನ್ನಾಗಿತ್ತಾ?"

ಸೀರನ್ ಯೋಚಿಸಿದಳು. "ಕೋಳಿ ಚೆನ್ನಾಗಿರ್ತಿತ್ತು. ಮೂಲಂಗಿ ಬೇಡವಾಗಿತ್ತು."

ಆ ವಾರ ಮನೆಯಲ್ಲಿ ಹೊಸ ಕಾನೂನು ಬಂತು, ಹೊರಡಿಸಿದವಳು ಸೀರನ್. ಇನ್ನು ಮುಂದೆ ಕೊನೆಯ ತುಂಡು ಯಾರಿಗೆ ಬೇಕೋ ಅವರು ತೆಗೆದುಕೊಳ್ಳಬೇಕು, ಕಾರಣ ಕೊಡಬೇಕಾಗಿಲ್ಲ. ಬುಧವಾರ ರಾತ್ರಿ ಊಟಕ್ಕೆ ಸೋಯಾ ಸಾಸಿನಲ್ಲಿ ಬಾಡಿಸಿದ ಕೋಳಿ. ಒಂದು ತುಂಡು ಉಳಿಯಿತು. ನಾಲ್ವರೂ ಅದನ್ನೇ ನೋಡುತ್ತ ಕುಳಿತರು. ಗ್ಲೆನ್‌ನ ಕೈ ಅರ್ಧ ದಾರಿ ಹೋಗಿ, ಉಪ್ಪಿನ ಡಬ್ಬಿ ಎತ್ತಿಕೊಂಡು ವಾಪಸು ಬಂತು. ಉಪ್ಪು ಬೇಕಾಗುವಂಥದ್ದೇನೂ ಅವನ ತಟ್ಟೆಯಲ್ಲಿರಲಿಲ್ಲ.

"ತಿನ್ನಪ್ಪಾ!" ಎಂದಳು ತಾಲೀನ್.

"ನೀನು ತಿನ್ನು. ಬೆಳೆಯೋ ಮಗು."

"ನಂಗೆ ಇಪ್ಪತ್ತೇಳು."

ಕೊನೆಗೆ ತಾಲೀನ್ ಚಾಕು ತೆಗೆದುಕೊಂಡು ತುಂಡನ್ನು ನಾಲ್ಕು ಭಾಗ ಮಾಡಿದಳು. ಸೀರನ್ ತನ್ನ ಪಾಲನ್ನು ತಿಂದಳು. ತಟ್ಟೆಯಲ್ಲಿ ಈಗ ಒಂದರ ಬದಲು ಮೂರು ತುಂಡು ಉಳಿದವು. ತಾಲೀನ್ ತನ್ನದೂ ಅದರಲ್ಲಿದೆಯೆಂದು ಗಮನಿಸಿ, ತನ್ನ ಮೇಲೇ ಸಿಟ್ಟುಮಾಡಿಕೊಂಡು ಎದ್ದುಹೋದಳು.

ಫೆಬ್ರವರಿ ಬಂತು. ಬಾದಾಮಿ ತೋಟಗಳು ಹೂಬಿಟ್ಟವು. ಶಿಜುಯೆಯ ಪ್ಲಾಸ್ಟರ್ ಬಿಚ್ಚಿದರು. ಕೈ ಬಂತು, ಬಲ ಬರಲಿಲ್ಲ. ಹೋಟೆಲು ಸಿಗಲಿಲ್ಲ. ಮಿತ್ಸುಯೊ ವಾರಕ್ಕೊಂದು ಸಲ ಫೋನು ಮಾಡಿ, "ಸಿಕ್ತಾ? ನಾನು ಬರುವಾಗ ಬುತ್ತಿ ಕಟ್ಕೊಂಡು ಬರ್ಲಾ?" ಎಂದು ವಿಚಾರಿಸುತ್ತಿದ್ದಳು. ಅಂಥ ದಿನ ಶಿಜುಯೆ ಊಟವಾದ ಮೇಲೆ ಬಲಗೈಗೆ ಬಲ ಬರಲೆಂದು ರಬ್ಬರ್ ಚೆಂಡು ಹಿಸುಕುತ್ತ ಕೂರುತ್ತಿದ್ದಳು.

"ಅವಳೇ ಅಡುಗೆ ಮಾಡೋ ಯೋಚನೇಲಿದಾಳೆ," ಎಂದ ಗ್ಲೆನ್ ಹೆಂಡತಿಗೆ. "ಈ ಕೈಯಲ್ಲಿ ಕುದಿಯೋ ಎಣ್ಣೆ ಹತ್ರ ಹೋದ್ರೆ ಮುಗೀತು."

ಅದಾದ ಮೇಲೆ ಒಂದು ದಿನ ಸೀರನ್‌ಳ ಕಾರಿನ ಚಕ್ರಕ್ಕೆ ಮೊಳೆ ಚುಚ್ಚಿತು. ಕಿಂಗ್ಸ್ ಕ್ಯಾನ್ಯನ್ ರಸ್ತೆಯ ಟೈರಂಗಡಿಯವನು ಮುಕ್ಕಾಲು ಗಂಟೆ ಎಂದ. ಪಕ್ಕದಲ್ಲಿ ನಾಲ್ಕೈದು ಮೇಜಿನ ಒಂದು ಹೋಟೆಲು, ಒಳಗಿನಿಂದ ಮೀನು ಸುಡುವ ಹೊಗೆ. ಮನೆಗೆ ಬಂದವಳೇ ಚೀಲ ಕೆಳಗಿಡುವ ಮೊದಲು ಹೇಳಿದಳು: "ಅತ್ತೆ, ನಾನು ಒಂದು ಕಡೆ ಬಂಗುಡೆ ತಿಂದೆ. ಪೂರ್ತಿ ತಿಂದೆ. ಅಲ್ಲೇ, ಕೂತ್ಕೊಂಡು, ಬಿಸಿಯಾಗಿ."

ಶನಿವಾರ ನಾಲ್ವರೂ ಹೋದರು. ಬಾಗಿಲ ಎಡಕ್ಕೆ ಆಳೆತ್ತರ ಟೈರುಗಳ ರಾಶಿ. ಒಳಗೆ ಒಲೆಯ ಮುಂದೆ ತೌ ಎಂಬ ಗಂಡಸು, ಬಡಿಸಲು ಅವನ ಹೆಂಡತಿ ಪಾಕೌ. ಇಬ್ಬರೂ ಮೋಂಗ್ ಜನ. ಲಾವೋಸ್ ಗುಡ್ಡಗಳಿಂದ ಹಿರಿಯರ ಕಾಲಕ್ಕೆ ಓಡಿಬಂದು ನಮ್ಮೂರಿನಲ್ಲಿ ಬೇರು ಬಿಟ್ಟವರು. ತೌ ಹುಡುಗನಾಗಿದ್ದಾಗಿನಿಂದ ಒಬ್ಬ ಜಪಾನಿ ಮುದುಕನ ಹೋಟೆಲಿನಲ್ಲಿ ಪಾತ್ರೆ ತೊಳೆದು, ಆಮೇಲೆ ಅಡುಗೆ ಮಾಡಿ, ಮುದುಕ ಅಂಗಡಿ ಮುಚ್ಚಿದ ಮೇಲೆ ಒಲೆಯನ್ನು ಕೊಂಡು ತಂದಿದ್ದ.

ಗ್ಲೆನ್ ಇದನ್ನು ಅರ್ಥಮಾಡಿಕೊಂಡು ಮೆಲ್ಲಗೆ ಹೆಂಡತಿಗೆ, "ಇವರು ಜಪಾನಿಗಳೇ ಅಲ್ಲ," ಎಂದ.

"ನಾನೂ ಅಲ್ಲ," ಎಂದಳು ಸೀರನ್. "ನಿನ್ನ ಮಿಸೊ ಸಾರು ಯಾರು ಮಾಡ್ತಿರೋದು?"

ಮೊದಲು ಉಪ್ಪಿನಕಾಯಿ ಬಂತು, ಹಳದಿ ಮೂಲಂಗಿ. ಶಿಜುಯೆ ಒಂದು ಹೋಳು ಕಚ್ಚಿದಳು. ಕರುಂ ಎಂದದ್ದು ಮೇಜಿನ ಆಚೆ ಕೇಳಿಸಿತು.

"ಮೂಲಂಗಿ ಎಲ್ಲಿಂದ ತರ್ತೀರಮ್ಮ?"

"ನಮ್ಮತ್ತೆ ಬೆಳೆದಿದ್ದು ಅಜ್ಜಿ. ಇಲ್ಲೇ ಪಕ್ಕದ ಸ್ಯಾಂಗರ್ ಹತ್ರ ಎರಡೆಕರೆ ಮಾಡ್ಕೊಂಡಿದಾರೆ. ಬೇಡ ಅಂದ್ರೂ ಕೇಳಲ್ಲ, ಎಪ್ಪತ್ತೊಂಬತ್ತು ವರ್ಷ."

"ಇನ್ನೂ ಚಿಕ್ಕವಳು," ಎಂದಳು ಶಿಜುಯೆ.

ಅನ್ನ ಬಂತು. ಅವಳು ಅದನ್ನು ಏನೂ ನಂಚಿಕೊಳ್ಳದೆ ಒಂದು ತುತ್ತು ತಿಂದಳು. ಬಂಗುಡೆ ಬಂತು, ಚರ್ಮ ಉಬ್ಬಿ, ಅಲ್ಲಲ್ಲಿ ಕಪ್ಪಾಗಿ, ಪಕ್ಕದಲ್ಲಿ ತುರಿದ ಬಿಳಿ ಮೂಲಂಗಿಯ ಗುಡ್ಡೆ. "ಹೇಗಿದೆ?" ಎಂದು ಈ ಸಲ ಯಾರೂ ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತಿತ್ತು. ಒಂದು ತುಂಡು ಉಳಿಯಿತು; ಅದರಿಂದಲೂ ಈಗ ಏನೂ ತಿಳಿಯುವಂತಿರಲಿಲ್ಲ. ಎದ್ದು ಹೊರಡುವಾಗ ಶಿಜುಯೆ ಪಾಕೌಳನ್ನು ಕರೆದು ಕೇಳಿದಳು: "ಮಾರ್ಚ್ ಎರಡನೇ ಭಾನುವಾರ ಆರು ಜನಕ್ಕೆ ಜಾಗ ಆಗುತ್ತಾ?"

ಕಾರಿನಲ್ಲಿ ಗ್ಲೆನ್ ತಡೆಯಲಾರದೆ ಹೋದ. "ಅಮ್ಮಾ, ಚಿಕ್ಕಮ್ಮನ ಬಾಯಿ ಗೊತ್ತಲ್ಲ ನಿಂಗೆ. ಟೈರಂಗಡಿ ಪಕ್ಕ. ಕಾಗದದ ಕೈವಸ್ತ್ರ. ಮಾಡೋರು ಜಪಾನಿಗಳೂ ಅಲ್ಲ. ಸಾಯೋವರೆಗೂ ಆಡ್ಕೊಂಡು ನಗ್ತಾಳೆ."

"ಫ್ರೆಸ್ನೊದವರು ತಾನೆ?"

"ಯಾರು?"

"ಆ ಗಂಡ ಹೆಂಡತಿ."

"ಹೌದು, ಆದ್ರೆ..."

"ಮೂಲಂಗಿ ಸ್ಯಾಂಗರ್‌ದು ತಾನೆ?"

"ಅಮ್ಮಾ..."

"ನಾನು ಫ್ರೆಸ್ನೊದಲ್ಲಿ ಊಟ ಹಾಕಿಸ್ತೀನಿ ಅಂದಿದ್ದೆ. ಟೋಕಿಯೊದಲ್ಲಿ ಅಂದಿರ್ಲಿಲ್ಲ. ಮುಂದೆ ನೋಡ್ಕೊಂಡು ಕೂತ್ಕೋ, ಕುತ್ತಿಗೆ ಉಳುಕುತ್ತೆ."

ಹುಟ್ಟುಹಬ್ಬಕ್ಕೆ ಕೆಂಪು ಕಾಳಿನ ಅನ್ನವಿಲ್ಲದಿದ್ದರೆ ಆಗದು. ಅದನ್ನು ಕಲಿಯಲು ಸೀರನ್ ಎರಡು ಸಂಜೆ ಅತ್ತೆಯ ಕುರ್ಚಿಯ ಮುಂದೆ ನಿಂತಳು. ಕಲಿಸಲು ಒಂದು ಸಂಜೆ ಪಾಕೌಳ ಒಲೆಯ ಮುಂದೆ ನಿಂತಳು. ಹೀಗೆ ಆರ್ಮೇನಿಯನ್ನರ ಮನೆಯ ಮಗಳು ಮೋಂಗ್ ಹೆಂಗಸಿಗೆ, ಶಿಜುಯೆಯ ಹಿರಿಯರ ಊರಾದ ಹಿರೋಶಿಮಾ ಕಡೆಯ ಅನ್ನ ಹೇಳಿಕೊಟ್ಟಳು. ಇಬ್ಬರೂ ಹಿರೋಶಿಮಾ ಕಂಡವರಲ್ಲ. ಕಲಿಸಿದ ಶಿಜುಯೆಯೂ ಕಂಡವಳಲ್ಲ.

ಭಾನುವಾರ ಮಿತ್ಸುಯೊ ಮುತ್ತಿನ ಸರ ಹಾಕಿಕೊಂಡು, ಮಗನ ತೋಳು ಹಿಡಿದು, ಅಕ್ಕಿ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದಿಗೆ ಬಂದಿಳಿದಳು. ಟೈರುಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾ, ಊಟದ ಜೊತೆ ಟೈರು ಫ್ರೀಯಾ?"

"ನಾಲ್ಕು ತಗೊಂಡ್ರೆ ಒಂದು ಫ್ರೀ. ಬಾ ಒಳಗೆ."

ಹೊಸ ಕಿಮೋನೊ ಇಲ್ಲ, ಭಾಷಣವಿಲ್ಲ. ಶಿಜುಯೆ ಬೂದು ಸ್ವೆಟರ್ ಹಾಕಿಕೊಂಡು ಮೇಜಿನ ತಲೆಯಲ್ಲಿ ನೆಟ್ಟಗೆ ಕುಳಿತಿದ್ದಳು. ಮೂಲಂಗಿ ಬಂತು. ಮಿತ್ಸುಯೊ ಒಂದು ಹೋಳು ತಿಂದು ಇನ್ನೊಂದನ್ನು ತೆಗೆದುಕೊಂಡಳು. ಕೆಂಪು ಅನ್ನ ಬಂತು. ಮಿತ್ಸುಯೊ ಅದನ್ನು ಮೂಸಿ, "ಅಮ್ಮ ಮಾಡ್ತಿದ್ದ ಹಾಗೇ ಎಳ್ಳು ಹಾಕಿದಾರೆ," ಎಂದಳು. ಸೀರನ್ ಪಾಕೌಳತ್ತ ನೋಡಿ ನಕ್ಕಳು. ಬಂಗುಡೆ ಬಂತು, ಮೊಟ್ಟೆಯ ಸುರುಳಿ ಬಂತು, ಬದನೆಕಾಯಿ ಬಂತು, ಮತ್ತೆ ಬಂಗುಡೆ ಬಂತು. ಸ್ಯಾನ್ ಹೋಸೆಯ ಮಾತು ಬರಲಿಲ್ಲ.

ಕೊನೆಗೆ ಮಿತ್ಸುಯೊ ಕೈ ತೊಳೆದು ಬರುತ್ತೇನೆಂದು ಎದ್ದು, ಸೀದಾ ಗಲ್ಲಾಪೆಟ್ಟಿಗೆಗೆ ಹೋದಳು. ಬಿಲ್ಲು ಕೊಟ್ಟು ಅಕ್ಕನನ್ನು ಸೋಲಿಸುವ ಈ ಆಟ ಅವರಿಬ್ಬರ ನಡುವೆ ಹಳೆಯದು. ಪಾಕೌ ನಗುತ್ತ, "ಅಜ್ಜಿ ನಿನ್ನೇನೇ ಬಂದು ಕೊಟ್ಟು ಹೋದ್ರು," ಎಂದಳು. ಮಿತ್ಸುಯೊ ಸೋತ ಮುಖ ಹೊತ್ತು ವಾಪಸು ಬಂದು ಕುಳಿತಳು.

ಮೇಜಿನ ನಡುವೆ, ಇಬ್ಬರು ಅಕ್ಕತಂಗಿಯರಿಗೂ ಸಮದೂರದಲ್ಲಿ, ಬಂಗುಡೆಯ ಒಂದು ತುಂಡು ಉಳಿದಿತ್ತು.

"ನೀನು ತಗೋ ಅಕ್ಕ. ನಿನ್ನ ಹುಟ್ಟುಹಬ್ಬ."

"ನೀನು ತಗೋ. ದೂರದಿಂದ ಬಂದವಳು."

"ನಂಗೆ ಹೊಟ್ಟೆ ತುಂಬಿದೆ."

"ನಂಗೂ."

ತಾಲೀನ್ ಅಪ್ಪನ ಕಡೆ ನೋಡಿದಳು. ಗ್ಲೆನ್ ಉಪ್ಪಿನ ಡಬ್ಬಿಯ ಕಡೆ ನೋಡಿದ. ಸೀರನ್ ಡಬ್ಬಿ ಕೇಳಲೆಂದು ಪಾಕೌಳತ್ತ ಕೈಯೆತ್ತುತ್ತಿದ್ದಳು. ಶಿಜುಯೆ ಮೇಜಿನ ಕೆಳಗೆ ಸೊಸೆಯ ಮೊಣಕಾಲನ್ನು ಮುಟ್ಟಿದಳು. ಕೈ ಕೆಳಗಿಳಿಯಿತು.

ಶಿಜುಯೆ ಚಹಾ ಕುಡಿದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಅದರೊಳಗೇ ಏನೋ ನೋಡಬೇಕಾದವಳಂತೆ ನೋಡತೊಡಗಿದಳು. ಬಹಳ ಹೊತ್ತು ನೋಡಿದಳು. ಬಟ್ಟಲಲ್ಲಿ ಚಹಾ ಇರಲಿಲ್ಲ.

"ತಣ್ಣಗಾದ್ರೆ ದಂಡ ಅಲ್ವಾ," ಎಂದಳು ಮಿತ್ಸುಯೊ, ಯಾರಿಗೂ ಅಲ್ಲದೆ. ಅವಳ ಊಟದ ಕಡ್ಡಿಗಳು ಮುಂದೆ ಹೋದವು. ಅರ್ಧ ದಾರಿಯಲ್ಲಿ ನಿಂತವು. ಎಂಬತ್ತಮೂರು ವರ್ಷದ ಹೆಂಗಸು ಒಮ್ಮೆ ತಲೆಯೆತ್ತಿ ಅಕ್ಕನ ಕೈ ಎಲ್ಲಿದೆಯೆಂದು ನೋಡಿದಳು. ಅಕ್ಕನ ಎರಡೂ ಕೈ ಬಟ್ಟಲ ಸುತ್ತ ಇದ್ದವು. ಕಡ್ಡಿಗಳು ತುಂಡನ್ನು ಎತ್ತಿದವು.

ಅವಳು ನಿಧಾನವಾಗಿ ಅಗಿದಳು, ಮುಳ್ಳೊಂದನ್ನು ತೆಗೆದು ತಟ್ಟೆಯಂಚಿಗಿಟ್ಟಳು, ತುಟಿ ಒರೆಸಿಕೊಂಡಳು.

"ಉಪ್ಪು ಒಂಚೂರು ಜಾಸ್ತಿ," ಎಂದಳು.

"ಸ್ಯಾನ್ ಹೋಸೆ ನಾಲಿಗೆ," ಎಂದಳು ಶಿಜುಯೆ. ಅವಳ ಬೆನ್ನು ಮೊದಲೇ ನೆಟ್ಟಗಿತ್ತು. ಈಗ ಇನ್ನೂ ಒಂದು ಬೆರಳು ಎತ್ತರವಾಯಿತು.

ತಟ್ಟೆ ಖಾಲಿಯಾಗಿತ್ತು. ಪಾಕೌ ಬಂದು ಅದನ್ನು ಎತ್ತಿಕೊಂಡು ಹೋದಳು.

ಮರುದಿನ ಬೆಳಗ್ಗೆ ಸೀರನ್ ಎರಡು ಮೊಟ್ಟೆ ಬೇಯಿಸಿಕೊಂಡು, ಕುರ್ಚಿ ಎಳೆದುಕೊಂಡು ಕುಳಿತು ತಿಂದಳು.